ಕಪ್ಪಾದ ಪರದೆಯ ಕಾರಣಮೀಮಾಂಸೆ

ಗಣಕಯಂತ್ರದ ಪರದೆ ಕಪ್ಪಾದಾಗ ಅದರ ಮುಂದೆ ಕುಳಿತವನಿಗೆ ಕಾಣುವುದು ಒಂದೇ ಕತ್ತಲೆಯಾದರೂ, ಆ ಕತ್ತಲೆಗೆ ಕಾರಣಗಳು ಹಲವು. ಒಂದೊಂದು ಕಾರಣದಿಂದ ಹುಟ್ಟಿದ ಕತ್ತಲೆಯೂ, ಸಾವಧಾನದಿಂದ ನೋಡಬಲ್ಲ ಕಣ್ಣಿಗೆ, ತನ್ನ ತನ್ನ ಲಕ್ಷಣಗಳನ್ನು ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ದೀಪವಾರಿದ ಪರದೆಯ ಕಪ್ಪು ಬೇರೆ. ಸಂಕೇತ ಬಾರದ ಪರದೆಯ ಕಪ್ಪು ಬೇರೆ. ವಿದ್ಯುತ್ತೇ ತಲಪದ ಪರದೆಯ ಕಪ್ಪು ಇನ್ನೂ ಬೇರೆ. ಈ ಭೇದವನ್ನು ವಿಚಾರಿಸದೆ ಮಾನಿಟರನ್ನೇ ಗುಜರಿಗೆ ಹಾಕಿ, ಹೊಸದೊಂದನ್ನು ಕೊಂಡು ತಂದು, ಅದೂ ಹಾಗೆಯೇ ಕಪ್ಪಾಗಿ ನಿಂತಾಗ ದೋಷವಿದ್ದದ್ದು ಅಲ್ಲಲ್ಲವೆಂದು ಕಂಡುಕೊಳ್ಳುವ ಗೃಹಸ್ಥರು ನಮ್ಮಲ್ಲಿ ವಿರಳರಲ್ಲ. ರೋಗವನ್ನು ನಿರ್ಣಯಿಸದೆ ಔಷಧ ಕೊಡಬಾರದೆಂಬ ವೈದ್ಯರ ನಿಯಮ ಯಂತ್ರಗಳಿಗೂ ಸಲ್ಲುವಂಥದು. ಅಲ್ಲದೆ, ಚೆನ್ನಾಗಿ ನಡೆಯುತ್ತಿರುವಾಗ ತನ್ನ ಒಳಗನ್ನು ಪೂರ್ತಿಯಾಗಿ ಮರೆಮಾಡಿಕೊಂಡಿರುವ ಈ ಯಂತ್ರ, ಕೆಟ್ಟ ಗಳಿಗೆಯಲ್ಲಿಯೇ ತನ್ನ ರಚನೆಯನ್ನು ನಮಗೆ ಬಿಚ್ಚಿ ತೋರಿಸುತ್ತದೆಯಾದ್ದರಿಂದ, ಮಾನಿಟರಿನ ದೋಷಗಳನ್ನು ಪರಿಶೀಲಿಸುವುದೆಂದರೆ ಬೆಳಕಿನ ವಿಜ್ಞಾನದ ಕೆಲವು ರಮಣೀಯ ತತ್ತ್ವಗಳನ್ನು ಪರಿಶೀಲಿಸುವುದೇ ಆಗುತ್ತದೆ.

ಮೊದಲು ಆ ರಚನೆಯನ್ನು ನೋಡೋಣ. ನಮ್ಮ ಮೇಜುಗಳ ಮೇಲಿರುವ ಚಪ್ಪಟೆ ಮಾನಿಟರುಗಳಲ್ಲಿ ಬಹುಪಾಲಿನವು ದ್ರವಸ್ಫಟಿಕದ ಪರದೆಯವು. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಫ್ರೀಡ್ರಿಕ್ ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ ಕೊಲೆಸ್ಟರಿಲ್ ಬೆಂಜೊಯೇಟ್ ಎಂಬ ವಸ್ತುವನ್ನು ಕಾಯಿಸುತ್ತಿದ್ದಾಗ ಅದು ಎರಡು ಸಲ ಕರಗಿದಂತೆ ಕಂಡಿತು: 145.5 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಘನರೂಪವಳಿದು ಕದಡಿದ ದ್ರವವಾಯಿತು, 178.5 ಡಿಗ್ರಿಯಲ್ಲಿ ಆ ಕದಡು ಮಾಯವಾಗಿ ತಿಳಿಯಾದ ದ್ರವವಾಯಿತು. ಈ ಎರಡು ಉಷ್ಣತೆಗಳ ನಡುವಿನ ಕದಡಿದ ಸ್ಥಿತಿಯಲ್ಲಿ ಪದಾರ್ಥವು ದ್ರವದಂತೆ ಹರಿಯುತ್ತಿದ್ದರೂ ಬೆಳಕಿನೊಡನೆ ಸ್ಫಟಿಕದಂತೆ ವರ್ತಿಸುತ್ತದೆಂಬುದನ್ನು ಜರ್ಮನಿಯ ಭೌತವಿಜ್ಞಾನಿ ಓಟೊ ಲೇಮನ್ ತೋರಿಸಿಕೊಟ್ಟನು. ಸುಮಾರು ಎಂಬತ್ತು ವರ್ಷಗಳ ಕಾಲ ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿದಿದ್ದ ಈ ವಸ್ತುವಿಗೆ, 1970ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಮಾರ್ಟಿನ್ ಷಾಟ್ ಮತ್ತು ವುಲ್ಫ್‌ಗಾಂಗ್ ಹೆಲ್ಫ್‌ರಿಖ್ ಎಂಬವರು ರೂಪಿಸಿದ ತಿರುಚು ವಿನ್ಯಾಸವು ವ್ಯವಹಾರಲೋಕದ ಬಾಗಿಲನ್ನು ತೆರೆಯಿತು.

ಆ ವಿನ್ಯಾಸದ ಸೂತ್ರ ಹೀಗಿದೆ. ಎರಡು ಗಾಜಿನ ಹಲಗೆಗಳ ನಡುವೆ, ಮಿಲಿಮೀಟರಿನ ಇನ್ನೂರನೆಯ ಒಂದು ಪಾಲಿನಷ್ಟು ತೆಳುವಾದ ದ್ರವಸ್ಫಟಿಕದ ಪದರವಿದೆ. ಅದರ ಕಡ್ಡಿಯಾಕಾರದ ಅಣುಗಳು ಒಂದು ಗಾಜಿನಿಂದ ಇನ್ನೊಂದು ಗಾಜನ್ನು ಮುಟ್ಟುವುದರೊಳಗೆ ಕ್ರಮಕ್ರಮವಾಗಿ 90 ಡಿಗ್ರಿ ತಿರುಗಿಕೊಳ್ಳುತ್ತವೆ. ಗಾಜುಗಳ ಹೊರಮೈಗೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಹಾಯಗೊಡುವ ಧ್ರುವಕಗಳೆಂಬ ಹಾಳೆಗಳನ್ನು ಪರಸ್ಪರ ಅಡ್ಡವಾಗಿ ಅಂಟಿಸಲಾಗಿದೆ. ಹಿಂದಿನ ದೀಪದಿಂದ ಹೊರಟ ಬೆಳಕು ಮೊದಲ ಧ್ರುವಕವನ್ನು ದಾಟಿ, ಅಣುಗಳ ಸಾಲಿನೊಡನೆ ತಾನೂ ತಿರುಗಿ, ಎರಡನೆಯ ಧ್ರುವಕಕ್ಕೆ ಒಪ್ಪುವ ದಿಕ್ಕನ್ನು ಪಡೆದು ಹೊರಬೀಳುತ್ತದೆ. ವಿದ್ಯುದ್ವಿಭವವನ್ನು ಪ್ರಯೋಗಿಸಿದರೆ ಅಣುಗಳು ಗಾಜಿಗೆ ಲಂಬವಾಗಿ ಎದ್ದು ನಿಲ್ಲುವುದರಿಂದ ತಿರುವು ತಪ್ಪಿ, ಬೆಳಕು ಎರಡನೆಯ ಧ್ರುವಕದಲ್ಲಿಯೇ ತಡೆಯಲ್ಪಡುತ್ತದೆ. 1920ಕ್ಕೆ 1080ರ ಪರದೆಯೊಂದರಲ್ಲಿ 20,73,600 ಬಿಂದುಗಳಿವೆ. ಪ್ರತಿಯೊಂದು ಬಿಂದುವಿನಲ್ಲೂ ಕೆಂಪು, ಹಸುರು, ನೀಲಿ ಎಂಬ ಮೂರು ಅಂಕಣಗಳಿವೆ. ಅರುವತ್ತೆರಡು ಲಕ್ಷಕ್ಕೂ ಮೀರಿದ ಈ ಅಂಕಣಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಟ್ರಾನ್ಸಿಸ್ಟರುಂಟು. ಸೆಕೆಂಡಿಗೆ ಅರುವತ್ತು ಸಲ ಇವೆಲ್ಲವಕ್ಕೂ ಹೊಸ ಆಜ್ಞೆ ತಲಪುತ್ತಿರಬೇಕು. ಇಷ್ಟೊಂದು ಸಂಕೀರ್ಣವಾದ ವ್ಯವಸ್ಥೆ ವರ್ಷಾನುವರ್ಷ ತಪ್ಪದೆ ನಡೆಯುವುದೇ ಆಶ್ಚರ್ಯವೆಂದು ನನಗೆ ತೋರುತ್ತದೆ.

ಇಲ್ಲಿ ಗಮನಿಸತಕ್ಕ ಮುಖ್ಯಾಂಶವೆಂದರೆ, ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ಚಿತ್ರವನ್ನು ರಚಿಸುವ ಅಂಗ ಒಂದು, ಅದನ್ನು ಬೆಳಗುವ ಅಂಗ ಇನ್ನೊಂದು. ಇವೆರಡನ್ನೂ ಪೋಷಿಸುವ ವಿದ್ಯುತ್ ಮಂಡಲ ಮತ್ತೊಂದು. ಚಿತ್ರದ ವಿವರಗಳನ್ನು ಹೊತ್ತು ತರುವ ಕೇಬಲ್ಲೂ ಅದರಾಚೆಯ ಗಣಕವೂ ಬೇರೆಯೇ. ತೂಬು ತೆಗೆದಿದ್ದರೂ ಕೊನೆಯ ಗದ್ದೆಗೆ ನೀರು ಬಾರದಿದ್ದರೆ ಅನುಭವಸ್ಥನಾದ ರೈತನು ಕೆರೆಯಿಂದ ಮೊದಲ್ಗೊಂಡು ಅಂಗುಲ ಅಂಗುಲವಾಗಿ ಅರಸುತ್ತ ಹೋಗದೆ ನೇರವಾಗಿ ಕಾಲುವೆಯ ನಡುಮಧ್ಯಕ್ಕೆ ಬಂದು ನಿಲ್ಲುತ್ತಾನೆ. ಅಲ್ಲಿ ನೀರಿದ್ದರೆ ಮೇಲಿನ ಅರ್ಧವೆಲ್ಲ ನಿರ್ದೋಷಿ, ಇಲ್ಲದಿದ್ದರೆ ಕೆಳಗಿನ ಅರ್ಧವನ್ನು ಸದ್ಯಕ್ಕೆ ಬಿಡಬಹುದು. ಪರದೆಯ ಪರೀಕ್ಷೆಯೂ ಇದೇ ಕ್ರಮದಲ್ಲಿ ನಡೆಯತಕ್ಕದ್ದು.

ಅದೃಷ್ಟವಶಾತ್ ಆ ನಡುಮಧ್ಯದ ಸ್ಥಾನ ಮಾನಿಟರಿನಲ್ಲಿಯೇ ಸಿದ್ಧವಾಗಿದೆ. ಕೇಬಲ್ಲನ್ನು ಕಿತ್ತಾಗ ಪರದೆಯ ಮೇಲೆ ತೇಲಾಡುವ, ಸಂಕೇತವಿಲ್ಲವೆಂದು ಸಾರುವ ಚಿಕ್ಕ ಚೌಕವನ್ನು ಅನೇಕರು ಅಪಶಕುನವೆಂಬಂತೆ ನೋಡುತ್ತಾರೆ. ಆದರೆ ಆ ಚೌಕವನ್ನು ಬರೆಯುವುದು ಗಣಕವಲ್ಲ, ಮಾನಿಟರೇ. ಅದು ಸ್ಫುಟವಾಗಿ ಕಾಣಿಸಿತೆಂದರೆ ದೀಪ ಉರಿಯುತ್ತಿದೆ, ದ್ರವಸ್ಫಟಿಕ ತಿರುಗುತ್ತಿದೆ, ಒಳಗಣ ವಿದ್ಯುತ್ ಮಂಡಲ ಕೆಲಸಮಾಡುತ್ತಿದೆ ಎಂಬ ಮೂರು ಶುಭವಾರ್ತೆಗಳು ಒಂದೇ ನೋಟಕ್ಕೆ ದೊರೆತಂತಾಯಿತು. ಅದೇ ರೀತಿ, ಚೌಕಟ್ಟಿನ ಗುಂಡಿಯನ್ನೊತ್ತಿದಾಗ ತೆರೆದುಕೊಳ್ಳುವ ಮೆನುವೂ ಮಾನಿಟರಿನ ಸ್ವಂತ ಕೃತಿ. ಚಿತ್ರದಲ್ಲಿ ಬಣ್ಣ ಕೆಟ್ಟಿದೆ, ಆದರೆ ಮೆನುವಿನ ಬಣ್ಣ ಸರಿಯಾಗಿದೆ ಎಂದಾದರೆ ದೋಷ ಕೇಬಲ್ಲಿನಲ್ಲೋ ಗಣಕದಲ್ಲೋ ಇದೆ. ಚಿತ್ರದಂತೆ ಮೆನುವೂ ವಿಕಾರವಾಗಿದ್ದರೆ ಮಾನಿಟರಿನಲ್ಲಿಯೇ ಇದೆ. ಒಂದು ಸ್ಕ್ರೂ ಕೂಡ ಬಿಚ್ಚದೆ ಮಾಡಬಹುದಾದ ಈ ಪರೀಕ್ಷೆಯಷ್ಟು ಬೆಲೆಬಾಳುವುದು ಬೇರೊಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ದೀಪದ ವಿಚಾರ. ಗುಂಡಿಯ ಬಳಿಯ ಪುಟ್ಟ ಬೆಳಕು ಉರಿಯುತ್ತಿದೆ, ಗಣಕ ನಡೆಯುತ್ತಿದೆ, ಪರದೆ ಮಾತ್ರ ಕಪ್ಪು. ಇಂಥ ಸಂದರ್ಭದಲ್ಲಿ ಕೊಠಡಿಯನ್ನು ಕತ್ತಲೆ ಮಾಡಿ, ಟಾರ್ಚನ್ನು ಪರದೆಗೆ ತೀರ ಸಮೀಪದಲ್ಲಿ ಓರೆಯಾಗಿ ಹಿಡಿದು ನೋಡತಕ್ಕದ್ದು. ಕಪ್ಪಿನೊಳಗಿಂದ ಅಕ್ಷರಗಳೂ ಕಿಟಕಿಗಳ ಅಂಚುಗಳೂ ಮಸುಕುಮಸುಕಾಗಿ ಮೂಡಿಬಂದರೆ, ಚಿತ್ರ ಯಥಾಸ್ಥಿತಿಯಲ್ಲಿದ್ದು ಹಿಂಬೆಳಕು ಮಾತ್ರ ಆರಿಹೋಗಿದೆಯೆಂದು ನಿಶ್ಚಯಿಸಬಹುದು. ಟಾರ್ಚಿನ ಬೆಳಕು ಗಾಜನ್ನು ಹೊಕ್ಕು, ಹಿಂದಿನ ಬಿಳಿಯ ಹಾಳೆಗಳಿಂದ ಪ್ರತಿಫಲಿಸಿ, ಅದೇ ಅಣುಗಳ ನಡುವೆಯೇ ಹಿಂದಿರುಗುವುದರಿಂದ ಈ ದರ್ಶನ ಸಾಧ್ಯವಾಗುತ್ತದೆ. ಅದು ಅಷ್ಟು ಮಸುಕಾಗಿರುವುದಕ್ಕೂ ಕಾರಣವುಂಟು: ಧ್ರುವಕಗಳೂ ಬಣ್ಣದ ಸೋಸುಕಗಳೂ ಸೇರಿ ಒಂದು ಸಲ ಹಾಯ್ದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲನ್ನೂ ಉಳಿಸುವುದಿಲ್ಲ; ಟಾರ್ಚಿನ ಬೆಳಕಾದರೋ ಎರಡು ಸಲ ಹಾಯಬೇಕು.

ಹಳೆಯ ಮಾನಿಟರುಗಳಲ್ಲಿ ಹಿಂಬೆಳಕನ್ನು ಕೊಡುತ್ತಿದ್ದುದು ಪೆನ್ಸಿಲಿಗಿಂತಲೂ ತೆಳುವಾದ ಪ್ರತಿದೀಪ್ತಿ ಕೊಳವೆಗಳು. ಒಳಗಿರುವ ಪಾದರಸದ ಬಾಷ್ಪ ನೇರಳಾತೀತ ಕಿರಣಗಳನ್ನು ಸೂಸಿ, ಕೊಳವೆಯ ಒಳಮೈಯ ಲೇಪ ಅವನ್ನು ಬಿಳಿಯ ಬೆಳಕಾಗಿ ಮಾರ್ಪಡಿಸುತ್ತಿತ್ತು; ಇದಕ್ಕೆ ಬೇಕಾದ ನೂರಾರು ವೋಲ್ಟುಗಳ ವಿಭವವನ್ನು ಒದಗಿಸುವ ಪುಟ್ಟ ಮಂಡಲಕ್ಕೂ ಇನ್ವರ್ಟರೆಂದೇ ಹೆಸರು (ಕರೆಂಟು ಹೋದಾಗ ಮನೆಗೆ ಬೆಳಕು ಕೊಡುವ ಇನ್ವರ್ಟರಿನೊಡನೆ ಇದನ್ನು ಕಲಸಿಕೊಳ್ಳಬಾರದು). ಮಾನಿಟರನ್ನು ಹಾಕಿದೊಡನೆ ಚಿತ್ರ ಚೆನ್ನಾಗಿ ಮೂಡಿ, ಎರಡೇ ಸೆಕೆಂಡಿನಲ್ಲಿ ಆರಿ, ಮತ್ತೆ ಹಾಕಿದಾಗ ಮತ್ತೆ ಎರಡು ಸೆಕೆಂಡು ಮಾತ್ರ ಬೆಳಗಿ ಆರುವ ವಿಚಿತ್ರ ದೋಷವೊಂದು ಆ ಕಾಲದ ಮಾನಿಟರುಗಳಲ್ಲಿ ಬಹುಸಾಮಾನ್ಯವಾಗಿತ್ತು. ಕೊಳವೆಗಳಲ್ಲೊಂದು ಮುಪ್ಪಾಗಿಯೋ ಬೆಸುಗೆ ಬಿಟ್ಟೋ ಸರಿಯಾದ ಪ್ರವಾಹವನ್ನು ಒಯ್ಯದಿದ್ದಾಗ, ಅದನ್ನು ಕ್ಷಣಕ್ಷಣವೂ ಅಳೆಯುತ್ತಿರುವ ನಿಯಂತ್ರಕವು ಅಪಾಯವನ್ನು ಶಂಕಿಸಿ ಎಲ್ಲ ಕೊಳವೆಗಳನ್ನೂ ಒಟ್ಟಿಗೆ ಆರಿಸಿಬಿಡುತ್ತಿತ್ತು. ಯಂತ್ರವು ತನ್ನನ್ನು ತಾನು ಕಾಪಾಡಿಕೊಳ್ಳುವ ಕ್ರಿಯೆಯನ್ನೇ ನಾವು ರೋಗವೆಂದು ಕಾಣುವ ಪ್ರಸಂಗವಿದು. ಈಗಿನ ಮಾನಿಟರುಗಳಲ್ಲಿ ಎಲ್‌ಇಡಿ ದೀಪಗಳಿವೆ. ಅವನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಒಂದರ ತಂತಿ ಕಡಿದರೆ ಆ ಸಾಲೆಲ್ಲ ಆರುತ್ತದೆ.

ವಿದ್ಯುತ್ ಮಂಡಲದ ದೋಷಗಳಲ್ಲಿ ಕೆಪ್ಯಾಸಿಟರುಗಳದೇ ಸಿಂಹಪಾಲು. ಬೆಳಗ್ಗೆ ಹಾಕಿದಾಗ ಮಾನಿಟರು ಮಿನುಗುತ್ತದೆ, ಇಲ್ಲವೆ ಹತ್ತಿಕೊಳ್ಳುವುದೇ ಇಲ್ಲ; ಸ್ವಲ್ಪ ಹೊತ್ತು ಬಿಸಿಯಾದ ಮೇಲೆ ಸರಿಯಾಗಿ ನಡೆಯುತ್ತದೆ; ದಿನಕಳೆದಂತೆ ಈ ಬಿಸಿಯಾಗುವ ಅವಧಿ ನೀಳವಾಗುತ್ತ ಹೋಗಿ, ಕಡೆಗೊಂದು ದಿನ ಅದು ಮೇಲೇಳುವುದೇ ಇಲ್ಲ. ಅಲ್ಯೂಮಿನಿಯಮ್ ಡಬ್ಬಿಯೊಳಗಿನ ವಿದ್ಯುದ್ವಿಚ್ಛೇದ್ಯ ದ್ರವ ಮೆಲ್ಲಮೆಲ್ಲನೆ ಒಣಗುವುದರಿಂದ ಒಳರೋಧ ಏರುತ್ತದೆ. ತಣ್ಣಗಿರುವಾಗ ಆ ರೋಧ ಇನ್ನೂ ಹೆಚ್ಚು, ಬಿಸಿಯಾದಾಗ ಕೊಂಚ ಕಡಮೆ. ಆದುದರಿಂದಲೇ ಬೆಳಗಿನ ತೊಂದರೆ ಮಧ್ಯಾಹ್ನಕ್ಕೆ ಕಾಣಿಸದು. 105 ಡಿಗ್ರಿ ಉಷ್ಣತೆಯಲ್ಲಿ 2,000 ಗಂಟೆ ಬಾಳುವಂತೆ ತಯಾರಾದ ಕೆಪ್ಯಾಸಿಟರಿನ ಆಯುಸ್ಸು, ಉಷ್ಣತೆ ಹತ್ತು ಡಿಗ್ರಿ ಇಳಿದಂತೆಲ್ಲ ಸುಮಾರಾಗಿ ಇಮ್ಮಡಿಸುತ್ತದೆಂಬುದು ಎಂಜಿನಿಯರುಗಳ ಲೆಕ್ಕಾಚಾರ. 65 ಡಿಗ್ರಿಯಲ್ಲಿ ಅದು 32,000 ಗಂಟೆ, ಎಂದರೆ ದಿನಕ್ಕೆ ಎಂಟು ಗಂಟೆಯಂತೆ ಹನ್ನೊಂದು ವರ್ಷ ಬಾಳೀತು. 85 ಡಿಗ್ರಿಯಲ್ಲಾದರೋ 8,000 ಗಂಟೆ, ಮೂರು ವರ್ಷವೂ ತುಂಬದು. ಗೋಡೆಗೆ ಒತ್ತರಿಸಿ, ಗಾಳಿಕಿಂಡಿಗಳ ಮೇಲೆ ಕಸೂತಿಯ ಹೊದಿಕೆ ಹಾಸಿ ಮಾನಿಟರನ್ನು ಜೋಪಾನ ಮಾಡುವ ನಮ್ಮ ಮನೆಗಳ ಅಭ್ಯಾಸ ಅದರ ಆಯುಸ್ಸಿಗೆ ಎಷ್ಟು ಕುಂದು ತರುತ್ತದೆಂಬುದು ಈ ಲೆಕ್ಕದಿಂದಲೇ ವೇದ್ಯವಾಗುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬೀದಿಗಳಲ್ಲಿ ದುರಸ್ತಿ ಮಾಡುವವರು ಹಿಂಬದಿಯ ಹಲಗೆಯನ್ನು ತೆಗೆದೊಡನೆ ಮೊದಲು ನೋಡುವುದು ಕೆಪ್ಯಾಸಿಟರುಗಳ ನೆತ್ತಿಯನ್ನು. ಚಪ್ಪಟೆಯಾಗಿರಬೇಕಾದ ನೆತ್ತಿ, ಒಳಗೆ ಹುಟ್ಟಿದ ಅನಿಲದ ಒತ್ತಡದಿಂದ ಉಬ್ಬಿ, ಅದರ ಮೇಲೆ ಕೊರೆದಿರುವ ಗೀರು ಬಾಯಿಬಿಟ್ಟು, ಕಂದುಬಣ್ಣದ ರಸ ಒಸರಿ ಒಣಗಿರುತ್ತದೆ. ಕೆಲವೇ ರೂಪಾಯಿ ಬಾಳುವ ಅದನ್ನು ಬದಲಿಸಿದರೆ ಸಾವಿರಾರು ರೂಪಾಯಿಯ ಮಾನಿಟರು ಮರುಜೀವ ಪಡೆಯುತ್ತದೆ. ಆದರೆ ಈ ಕೆಲಸಕ್ಕೆ ಅಭ್ಯಾಸವಿಲ್ಲದವರು ಕೈಹಾಕತಕ್ಕದ್ದಲ್ಲ. ನಮ್ಮ ಮನೆಗಳ 230 ವೋಲ್ಟಿನ ಪರ್ಯಾಯ ವಿದ್ಯುತ್ತು ಏಕಮುಖವಾಗಿ ಪರಿವರ್ತಿತವಾದಾಗ, ದೊಡ್ಡ ಕೆಪ್ಯಾಸಿಟರಿನಲ್ಲಿ ಸುಮಾರು 325 ವೋಲ್ಟು ಶೇಖರವಾಗಿ, ಪ್ಲಗ್ಗನ್ನು ಕಿತ್ತ ಮೇಲೂ ಕೆಲಕಾಲ ಅಲ್ಲಿಯೇ ನೆಲಸಿರುತ್ತದೆ. ಪ್ರಾಣಾಪಾಯಕರವಾದ ವಿಭವವಿದು.

ಸಂಕೇತದ ದೋಷಗಳಿಗೆ ಬರೋಣ. 1987ರಲ್ಲಿ ಐಬಿಎಂ ಸಂಸ್ಥೆ ಬಳಕೆಗೆ ತಂದ, ಹದಿನೈದು ಪಿನ್ನುಗಳ ವಿಜಿಎ ಜೋಡಣೆ ಇಂದಿಗೂ ನಮ್ಮ ಶಾಲೆಗಳಲ್ಲಿ, ಕಚೇರಿಗಳಲ್ಲಿ ಕಾಣಬರುತ್ತದೆ. ದೋಷವಿಜ್ಞಾನದ ವಿದ್ಯಾರ್ಥಿಗೆ ಅದರಷ್ಟು ಒಳ್ಳೆಯ ಗುರುವಿಲ್ಲ. ಅದರಲ್ಲಿ ಕೆಂಪು, ಹಸುರು, ನೀಲಿ ಬೆಳಕುಗಳ ಸಂಕೇತಗಳು ಒಂದು, ಎರಡು, ಮೂರನೆಯ ಪಿನ್ನುಗಳಲ್ಲಿ ಪ್ರತ್ಯೇಕವಾಗಿ ಬರುತ್ತವೆ. ಪೂರ್ಣಪ್ರಕಾಶಕ್ಕೆ ಕೇವಲ 0.7 ವೋಲ್ಟು. ಒಂದು ದಿನ ಇದ್ದಕ್ಕಿದ್ದಂತೆ ಬಿಳಿಯ ಪುಟವೆಲ್ಲ ಅರಿಸಿನ ಬಳಿದಂತೆ ಹಳದಿಯಾಯಿತೆನ್ನಿ. ಹಳದಿ ಹೆಚ್ಚಿತೆಂದು ಬಗೆಯುವುದು ಸಹಜವಾದರೂ, ನಡೆದದ್ದು ಅದರ ವಿಪರ್ಯಾಸ: ನೀಲಿ ಕಾಣೆಯಾಗಿದೆ, ಉಳಿದ ಕೆಂಪೂ ಹಸುರೂ ಬೆರೆತು ಕಣ್ಣಿಗೆ ಹಳದಿಯಾಗಿ ತೋರುತ್ತಿದೆ. ಮೂರನೆಯ ಪಿನ್ನು ಬಾಗಿದೆಯೇ, ಒಳಕ್ಕೆ ಸರಿದಿದೆಯೇ ಎಂದು ನೋಡಿದರೆ ಕಾರಣ ಅಲ್ಲಿಯೇ ಸಿಕ್ಕುವುದು ಹೆಚ್ಚು. ಇದೇ ನ್ಯಾಯದಿಂದ ಕೆಂಪು ತಪ್ಪಿದರೆ ಬಿಳುಪು ಹಸುರುನೀಲಿಯಾಗುತ್ತದೆ, ಹಸುರು ತಪ್ಪಿದರೆ ಕಡುಗುಲಾಬಿಯಾಗುತ್ತದೆ. ಪೂರಕ ವರ್ಣಗಳ ಪಾಠವನ್ನು ಇಷ್ಟು ಸ್ಫುಟವಾಗಿ ತೋರಿಸಿಕೊಡುವ ಪ್ರಯೋಗ ಶಾಲೆಯ ಪ್ರಯೋಗಮಂದಿರದಲ್ಲಿಯೂ ಅಪರೂಪ. ಪರದೆಯ ಮೇಲೆ ನಸುಗಪ್ಪಿನ ಪಟ್ಟೆಗಳು ತೇಲಿ ಕಂಪಿಸುತ್ತಿದ್ದರೆ, ಗಣಕವೂ ಮಾನಿಟರೂ ಬೇರೆಬೇರೆ ಪ್ಲಗ್ಗುಗಳಿಂದ ವಿದ್ಯುತ್ತನ್ನು ಪಡೆದು, ಅರ್ಥಿಂಗಿನ ತಂತಿಗಳ ಮೂಲಕ ವಿದ್ಯುತ್ ಸರಬರಾಜಿನ ಕಂಪನ ಆ 0.7 ವೋಲ್ಟಿನೊಳಕ್ಕೆ ನುಸುಳಿರುವುದುಂಟು. ನಮ್ಮ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50, ಪರದೆಯದು 60 ಆದುದರಿಂದ ಅವೆರಡರ ಅಂತರವಾದ ಹತ್ತರ ಲಯ ಆ ಕಂಪನದಲ್ಲಿ ಕಾಣಿಸಿಕೊಳ್ಳುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ಜೋಡಿಸಿದರೆ ಎಷ್ಟೋ ಸಲ ಪಟ್ಟೆಗಳು ಮರೆಯಾಗುತ್ತವೆ.

ಎಚ್‌ಡಿಎಂಐ ಕೇಬಲ್ಲಿನ ಸ್ವಭಾವವೇ ಬೇರೆ. ಅಂಕಿಗಳ ರೂಪದಲ್ಲಿ ಬರುವ ಸಂಕೇತಕ್ಕೆ ಸ್ವಲ್ಪ ಮಸುಕಾಗುವುದೆಂಬುದಿಲ್ಲ. ಬಂದರೆ ಪರಿಪೂರ್ಣವಾಗಿ ಬರುತ್ತದೆ, ಎಡವಿದರೆ ಪರದೆಯ ತುಂಬ ಬಿಳಿಯ ಕಿಡಿಗಳು ಸಿಡಿಯುತ್ತವೆ, ಇಲ್ಲವೆ ಚಿತ್ರವೇ ಒಂದೆರಡು ಸೆಕೆಂಡು ಮಾಯವಾಗಿ ಮರಳುತ್ತದೆ. 1920ಕ್ಕೆ 1080ರ ಚಿತ್ರವನ್ನು ಸೆಕೆಂಡಿಗೆ ಅರುವತ್ತು ಸಲ ಕಳುಹಿಸುವಾಗ ಒಂದೊಂದು ಜೋಡಿ ತಂತಿಯಲ್ಲೂ ಸೆಕೆಂಡಿಗೆ 148.5 ಕೋಟಿ ಅಂಕಿಗಳು ಹರಿಯುತ್ತವೆ. ನಾಲ್ಕು ಪಟ್ಟು ಬಿಂದುಗಳುಳ್ಳ 4ಕೆ ಪರದೆಗೆ ಈ ಓಟವೂ ನಾಲ್ಕು ಪಟ್ಟು. ಅಗ್ಗದ ಕೇಬಲ್ಲೋ ಅತಿ ಉದ್ದದ ಕೇಬಲ್ಲೋ ಇಲ್ಲಿ ಸೋಲುತ್ತದೆ. ಸೆಟ್ಟಿಂಗುಗಳಲ್ಲಿ 60 ಹರ್ಟ್ಸ್ ಇದ್ದುದನ್ನು 30ಕ್ಕೆ ಇಳಿಸಿದಾಗ ಕಿಡಿಗಳು ನಿಂತರೆ ಅಪರಾಧಿ ಕೇಬಲ್ಲೆಂದು ಬಹುಮಟ್ಟಿಗೆ ಸಿದ್ಧವಾದಂತೆಯೇ. ಕೇಬಲ್ಲಿನೊಳಗೆ ಚಿತ್ರದ ಜೊತೆಗೆ ಇನ್ನೊಂದು ಮಿತಭಾಷಿಯಾದ ಸಂವಾದವೂ ನಡೆಯುತ್ತದೆ: ತಾನು ಯಾರು, ತನಗೆ ಯಾವ ಅಳತೆಯ ಚಿತ್ರ ಒಪ್ಪುತ್ತದೆ ಎಂಬುದನ್ನು ಮಾನಿಟರು 128 ಬೈಟುಗಳ ಕಂತುಗಳುಳ್ಳ ಒಂದು ಪುಟ್ಟ ಒಕ್ಕಣೆಯಲ್ಲಿ ಗಣಕಕ್ಕೆ ತಿಳಿಸುತ್ತದೆ. ಆ ಒಕ್ಕಣೆ ತಲಪದಿದ್ದರೆ ಗಣಕವು ಮಾನಿಟರಿನ ಯೋಗ್ಯತೆಯನ್ನರಿಯದೆ 1024ಕ್ಕೆ 768ರಂಥ ಅಳತೆಯಲ್ಲಿ ಚಿತ್ರವನ್ನು ಕಳುಹಿಸಿ, ಅಕ್ಷರಗಳು ಹಿಗ್ಗಿ ಮಬ್ಬಾಗುತ್ತವೆ.

ಪರದೆ ಕಪ್ಪಾಗಿರುವಾಗ ಗಣಕ ಜೀವಂತವಾಗಿದೆಯೇ ಎಂದು ತಿಳಿಯುವುದಕ್ಕೆ ಕೀಲಿಮಣೆಯ ಕ್ಯಾಪ್ಸ್ ಲಾಕನ್ನು ಒತ್ತಿ ನೋಡಬಹುದು. ಅದರ ದೀಪ ಒತ್ತಿದಂತೆಲ್ಲ ಹತ್ತಿ ಆರಿದರೆ ಗಣಕ ಎಚ್ಚರವಾಗಿಯೇ ಇದೆ. ವಿಂಡೋಸ್ ವ್ಯವಸ್ಥೆಯಲ್ಲಿ ವಿಂಡೋಸ್ ಕೀಲಿ, ಕಂಟ್ರೋಲ್, ಶಿಫ್ಟ್ ಇವು ಮೂರರೊಡನೆ ‘ಬಿ’ ಅಕ್ಷರವನ್ನೊತ್ತಿದರೆ ಚಿತ್ರಸಂಬಂಧವಾದ ಡ್ರೈವರು ಮರಳಿ ಪ್ರಾರಂಭವಾಗಿ, ಮಂಕಾಗಿ ನಿಂತ ಪರದೆ ಕೆಲವೊಮ್ಮೆ ಅಷ್ಟರಿಂದಲೇ ಚೇತರಿಸಿಕೊಳ್ಳುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿರುವ ಗಣಕದಲ್ಲಿ ಕೇಬಲ್ಲನ್ನು ಕಾರ್ಡಿಗೆ ಸಿಕ್ಕಿಸುವ ಬದಲು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿರುವುದೂ, ರ‍್ಯಾಮ್ ಪಟ್ಟಿ ತನ್ನ ಸ್ಲಾಟಿನಲ್ಲಿ ಸಡಿಲವಾಗಿರುವುದೂ ಸಂಕೇತ ಬಾರದಿರಲು ನಿತ್ಯದ ಕಾರಣಗಳು.

ಇಷ್ಟೆಲ್ಲವೂ ಸರಿಯಿದ್ದು ಪರದೆಯ ಮೇಲೆ ಗೆರೆಗಳು ಬಿದ್ದಿದ್ದರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಬೇರೊಂದು ಪರದೆಯಲ್ಲಿ ನೋಡತಕ್ಕದ್ದು. ಸ್ಕ್ರೀನ್‌ಶಾಟೆಂಬುದು ಗಣಕದ ಸ್ಮೃತಿಯಲ್ಲಿರುವ ಚಿತ್ರದ ಪ್ರತಿ. ಅದರಲ್ಲಿಯೂ ಗೆರೆಗಳಿದ್ದರೆ ಮಾನಿಟರು ನಿರಪರಾಧಿ. ಅದರಲ್ಲಿ ಇಲ್ಲದೆ ಪರದೆಯಲ್ಲಿ ಮಾತ್ರ, ಮೇಲಿಂದ ಕೆಳಕ್ಕೆ ಕೂದಲೆಳೆಯಂಥ ಗೆರೆಯೊಂದು ಸದಾ ಒಂದೇ ಕಡೆ ನಿಂತಿದ್ದರೆ, ಗಾಜಿನ ಅಂಚಿನಲ್ಲಿ ಆ ಸಾಲಿಗೆ ವಿದ್ಯುತ್ತನ್ನು ಮುಟ್ಟಿಸುವ ಸಂಧಿ ಬಿಟ್ಟಿರಬೇಕು. ಚೌಕಟ್ಟಿನ ಅಂಚನ್ನು ಬೆರಳಿನಿಂದ ಮೆಲ್ಲನೆ ಒತ್ತಿದಾಗ ಗೆರೆ ಮಾಯವಾಗಿ, ಬಿಟ್ಟಾಗ ಮರಳಿದರೆ ಸಂದೇಹಕ್ಕೆಡೆಯಿಲ್ಲ. ಆ ಸಂಧಿಯನ್ನು ಬೆಸುಗೆಯಿಂದ ಮಾಡಿರುವುದಿಲ್ಲ. ಸೂಕ್ಷ್ಮವಾದ ಲೋಹಲೇಪಿತ ಕಣಗಳುಳ್ಳ ಅಂಟಿನ ಪಟ್ಟಿಯನ್ನು ಕಾವು ಕೊಟ್ಟು ಒತ್ತಿರುತ್ತಾರೆ. ಬೀದಿಯ ಅಂಗಡಿಯಲ್ಲಿ ಅದನ್ನು ಮತ್ತೆ ಕೂಡಿಸುವುದು ದುಸ್ಸಾಧ್ಯವಾದುದರಿಂದ ಗೆರೆ ಬಿದ್ದ ಪರದೆಗೆ ಹಣ ಸುರಿಯಬೇಡಿರೆಂದೇ ನನ್ನ ಸಲಹೆ.

ಒಂಟಿ ಬಿಂದುಗಳ ಸಾವು ಇದಕ್ಕಿಂತ ಚಿಕ್ಕ ಸಂಗತಿ; ಆದರೆ ಸತ್ತಂತೆ ಕಾಣುವುದೆಲ್ಲ ಸತ್ತ ಬಿಂದುವಲ್ಲ. ಮಳೆಗಾಲದ ಸಂಜೆ ದೀಪಕ್ಕೆ ಮುತ್ತುವ ಸಣ್ಣ ಹುಳುಗಳೂ ಇರುವೆಗಳೂ ಚೌಕಟ್ಟಿನ ಸಂದಿನಿಂದ ನುಸುಳಿ, ಬೆಳಕನ್ನು ಹರಡುವ ಹಾಳೆಗೂ ಗಾಜಿಗೂ ನಡುವೆ ಹರಿದಾಡುವಾಗ ಅವನ್ನು ಸತ್ತ ಬಿಂದುಗಳೆಂದು ಭ್ರಮಿಸುವುದುಂಟು. ಆ ಹೊತ್ತಿನಲ್ಲಿ ಬೆರಳಿನಿಂದ ಒತ್ತಲೇಬಾರದು. ಒತ್ತಿದರೆ ಹುಳು ಅಲ್ಲಿಯೇ ಅರೆದು ಅಂಟಿಕೊಂಡು ಶಾಶ್ವತವಾದ ಕಲೆಯಾಗುತ್ತದೆ. ಪರದೆಯನ್ನು ಆರಿಸಿ, ಪಕ್ಕದಲ್ಲೊಂದು ದೀಪವನ್ನಿಟ್ಟರೆ ಅದು ಬಂದ ದಾರಿಯಲ್ಲಿಯೇ ಹೊರಟುಹೋಗುವ ಸಂಭವವಿದೆ.

ಕಡೆಯದಾಗಿ, ದೋಷದಂತೆ ತೋರಿಯೂ ದೋಷವಲ್ಲದ ಒಂದು ಲಕ್ಷಣವನ್ನು ಹೇಳಬೇಕು. ಅದಕ್ಕೆ ನಮ್ಮ ನಾಡಿನ ಸಂಬಂಧವೂ ಇದೆ. ಅಗ್ಗದ ಮಾನಿಟರನ್ನು ಕೆಳಗಿನಿಂದ ನೋಡಿದಾಗ ಚಿತ್ರ ಕಪ್ಪಾಗಿ, ಮುಖಗಳ ಬಣ್ಣ ತಿರುವುಮುರುವಾಗುತ್ತದೆ. ಅರೆಯೆದ್ದು ನಿಂತ ಕಡ್ಡಿಯಾಕಾರದ ಅಣುಗಳು ನೆಟ್ಟಗೆ ಬರುವ ಬೆಳಕಿಗೆ ಒಂದು ಪರಿಯಾಗಿಯೂ ಓರೆಯಾಗಿ ಹಾಯುವ ಬೆಳಕಿಗೆ ಇನ್ನೊಂದು ಪರಿಯಾಗಿಯೂ ಇದಿರಾಗುವುದೇ ಇದಕ್ಕೆ ಮೂಲ. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಅವರೂ ಅವರ ಸಹೋದ್ಯೋಗಿಗಳೂ, ಕಡ್ಡಿಯಂತಲ್ಲದೆ ಬಿಲ್ಲೆಯಂಥ ಆಕಾರವುಳ್ಳ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ಪ್ರಪ್ರಥಮವಾಗಿ ತೋರಿಸಿಕೊಟ್ಟರು. ಅದಕ್ಕೆ ಮೊದಲು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಅವರ ಈ ಶೋಧನೆ ದ್ರವಸ್ಫಟಿಕಗಳ ಒಂದು ಹೊಸ ವರ್ಗವನ್ನೇ ಜಗತ್ತಿಗೆ ಪರಿಚಯಿಸಿತು. ಮುಂದೆ 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆಯವರು ಇಂಥ ಬಿಲ್ಲೆಯಣುಗಳನ್ನು ತೆಳುವಾದ ಹಾಳೆಯಲ್ಲಿ ಕ್ರಮವಾಗಿ ಓರೆಯಾಗುತ್ತ ಹೋಗುವಂತೆ ಜೋಡಿಸಿ ಸ್ಥಿರಗೊಳಿಸಿದರು. ಧ್ರುವಕದೊಡನೆ ಸೇರಿಸಿದ ಆ ಹಾಳೆ, ಕಡ್ಡಿಯಣುಗಳು ಓರೆಯ ಬೆಳಕಿನಲ್ಲಿ ಉಂಟುಮಾಡುವ ವಿಕಾರವನ್ನು ಬಹುಪಾಲು ಸರಿತೂಗಿಸುತ್ತದೆ. ಬಲದಿಂದಲೂ ಎಡದಿಂದಲೂ ನೋಡುವವರಿಗೆ ಚಿತ್ರ ಚೆನ್ನಾಗಿ ಕಾಣುವುದು ಈ ಹಾಳೆಯ ಉಪಕಾರ. ಕೆಳಗಿನಿಂದ ನೋಡುವವರಿಗೆ ಅದು ಪೂರ್ತಿಯಾಗಿ ಸಾಲದು. ಮಾನಿಟರಿನ ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಪರದೆಯ ನಡುಭಾಗ ಕಣ್ಣಿಗೆ ನೇರವಾಗಿ ಇದಿರಾಗುವಂತೆ ಮಾಡಿದಾಗ ಬಣ್ಣಗಳು ಸ್ವಸ್ಥಾನಕ್ಕೆ ಮರಳಿದರೆ, ದುರಸ್ತಿಗಾರನನ್ನು ಕರೆಯಿಸುವ ಕಾರಣವಿಲ್ಲ.